ಬೇಲಿಯ ಈಚೆ ನಿಂತ ಬೆಸುಗೆಗಾರ

ಮುಂದಿನ ಭಾನುವಾರ ಬಲಿಪೂಜೆ ಮುಗಿಸಿ ದೇವಾಲಯದ ಅಂಗಳಕ್ಕೆ ಬಂದಾಗ ಅಲ್ಲಿ ನಿಂತಿರುವ ಯಾವುದಾದರೊಂದು ಕಾರಿನ ಬಾಗಿಲನ್ನು ತೆರೆಯಿಸಿ ನೋಡಿ. ಬಾಗಿಲ ಚೌಕಟ್ಟಿನ ಸುತ್ತ ಒತ್ತಿ ಕೂರಿಸಿರುವ ರಬ್ಬರಿನ ಪಟ್ಟಿಯನ್ನು, ಮಾಲೀಕರ ಅಪ್ಪಣೆ ಪಡೆದು, ಒಂದಿಷ್ಟು ಸರಿಸಿದರೆ ತಗಡಿನ ಅಂಚಿನುದ್ದಕ್ಕೂ ಕಡಲೆಕಾಳಿನಷ್ಟು ಅಗಲದ ದುಂಡನೆಯ ಕುಳಿಗಳು ಸಾಲಾಗಿ ಕಾಣುತ್ತವೆ. ಒಂದು ಕಾರಿನ ಮೈಯಲ್ಲಿ ಇಂಥವು ಸಾವಿರಾರು. ಎರಡು ತಗಡುಗಳು ಒಂದಾದುದರ ಗುರುತುಗಳಿವು. ಅರ್ಧ ಶತಮಾನಕ್ಕೂ ತುಸು ಹಿಂದೆ ಇವುಗಳಲ್ಲಿ ಬಹುಪಾಲು ಮನುಷ್ಯನ ತೋಳಿನ ಕೆಲಸವಾಗಿದ್ದವು. ಇಂದು ಯಂತ್ರಮಾನವನ ತೋಳಿನ ಕೆಲಸ. ಹಾಗೆಂದು ಮನುಷ್ಯ ಅಲ್ಲಿಂದ ಪೂರ್ತಿಯಾಗಿ ಹೊರಟುಹೋಗಿಲ್ಲ. ತಂತಿಬೇಲಿಯೊಂದರ ಈಚೆ ನಿಂತಿದ್ದಾನೆ. ನಿಮ್ಮಲ್ಲಿ ಕೆಲವರ ಮನೆಯ ಮಗನೋ ತಮ್ಮನೋ ಐಟಿಐ ಮುಗಿಸಿ ಇಂದು ಆ ಸ್ಥಳದಲ್ಲಿ ನಿಂತಿರಬಹುದು. 'ರೋಬೋಟಿಕ್ ವೆಲ್ಡಿಂಗ್ ಆಪರೇಟರ್' ಎಂಬ ಅವನ ಹುದ್ದೆಯ ಹೆಸರನ್ನು ನೆಂಟರಿಗೆ ವಿವರಿಸಲು ನೀವು ತಡವರಿಸಿರಲೂಬಹುದು. ಆ ಹುದ್ದೆಗೆ ಒಂದು ಇತಿಹಾಸವಿದೆ.

ಹಳೆಯ ಒಡಂಬಡಿಕೆಯ ಸಿರಾಖನ ಗ್ರಂಥದ 38ನೆಯ ಅಧ್ಯಾಯವನ್ನು ನಾವು ಸಾಮಾನ್ಯವಾಗಿ ವೈದ್ಯರನ್ನು ಗೌರವಿಸಬೇಕೆಂಬ ಬೋಧೆಗಾಗಿ ಓದುತ್ತೇವೆ. ಅದೇ ಅಧ್ಯಾಯದ ಕೊನೆಯ ಭಾಗದಲ್ಲಿ ಒಬ್ಬ ಕಮ್ಮಾರ ಬರುತ್ತಾನೆ. ಅಡೆಗಲ್ಲಿನ ಪಕ್ಕ ಕುಳಿತು, ಕುಲುಮೆಯ ಬಿಸಿಗೆ ಮೈ ಬಾಡಿಸಿಕೊಂಡು, ಸುತ್ತಿಗೆಯ ಸದ್ದಿನ ನಡುವೆಯೂ ಕಣ್ಣನ್ನು ತಾನು ಮಾಡಬೇಕಾದ ವಸ್ತುವಿನ ಮಾದರಿಯ ಮೇಲೆಯೇ ನೆಟ್ಟವನು. ಇಂಥವರಿಲ್ಲದೆ ಊರು ಊರಾಗಿ ಉಳಿಯದು ಎಂದು ಸಿರಾಖನು ಒಪ್ಪುತ್ತಾನೆ. ಆದರೆ ಊರಿನ ಸಭೆಯಲ್ಲಿ ಇವರ ಸಲಹೆಯನ್ನು ಕೇಳುವವರಿಲ್ಲ, ನ್ಯಾಯಪೀಠದ ಮೇಲೆ ಇವರು ಕೂರುವುದಿಲ್ಲ ಎಂದೂ ಜೊತೆಯಲ್ಲೇ ಹೇಳಿಬಿಡುತ್ತಾನೆ. ಎರಡು ಸಾವಿರ ವರ್ಷಗಳಿಗೂ ಹಿಂದಿನ ಈ ಚಿತ್ರದಲ್ಲಿ ಎರಡು ಸಂಗತಿಗಳಿವೆ: ಕಮ್ಮಾರನ ಮೈಯನ್ನು ಸುಡುವ ಬೆಂಕಿ, ಸಭೆಯಲ್ಲಿ ಅವನಿಗಿಲ್ಲದ ಸ್ಥಾನ. ಇಪ್ಪತ್ತನೆಯ ಶತಮಾನದಲ್ಲಿ ಬಂದ ಯಂತ್ರಮಾನವನು ಬೆಂಕಿಯನ್ನು ತಾನು ವಹಿಸಿಕೊಂಡ. ಸಭೆಯ ಸ್ಥಾನದ ವಿಷಯ ಏನಾಯಿತು? ಈ ಪ್ರಶ್ನೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಮುಂದಿನದನ್ನು ಓದಬೇಕೆಂದು ಕೋರುತ್ತೇನೆ.

ಬೆಸುಗೆ ಬಹಳ ಹಳೆಯ ವಿದ್ಯೆ. ದೆಹಲಿಯ ಮೆಹರೌಲಿಯಲ್ಲಿ ನಿಂತಿರುವ, ಏಳು ಮೀಟರಿನಷ್ಟು ಉದ್ದದ, ಆರು ಟನ್ನಿಗೂ ಮಿಗಿಲಾದ ಕಬ್ಬಿಣದ ಕಂಬ ಎರಕದ್ದಲ್ಲ. ಕಾಯಿಸಿದ ಕಬ್ಬಿಣದ ಮುದ್ದೆಗಳನ್ನು ಒಂದಕ್ಕೊಂದು ಬಡಿದು ಸೇರಿಸಿದ್ದು. ಸುಮಾರು ಸಾವಿರದ ಆರುನೂರು ವರ್ಷಗಳಿಂದ ಅದು ನಿಂತೇ ಇದೆ. ಆದರೆ ಕುಲುಮೆಯ ಬೆಸುಗೆಯಿಂದ ಕಾರ್ಖಾನೆಯ ಬೆಸುಗೆಗೆ ದಾರಿಯಾದದ್ದು 1880ರ ದಶಕದಲ್ಲಿ. ರಷ್ಯದ ನಿಕೊಲಾಯ್ ಬೆನಾರ್ಡೊಸ್ ವಿದ್ಯುತ್ ಚಾಪದ ಉರಿಯಿಂದ ಲೋಹವನ್ನು ಕರಗಿಸಿ ಸೇರಿಸಿದ. ಅದೇ ದಶಕದಲ್ಲಿ, ಇಂಗ್ಲೆಂಡಿನಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ್ದ ಎಲಿಹು ಥಾಮ್ಸನ್ ಉರಿಯೇ ಇಲ್ಲದ ಇನ್ನೊಂದು ಮಾರ್ಗವನ್ನು ಕಂಡುಕೊಂಡ. ಎರಡು ಲೋಹಗಳನ್ನು ಒತ್ತಿ ಹಿಡಿದು ಅವುಗಳ ಮೂಲಕ ಅಪಾರ ವಿದ್ಯುತ್ತನ್ನು ಹರಿಸಿದರೆ ಅವು ಕೂಡುವಲ್ಲಿ ತಾವಾಗಿ ಕರಗಿ ಒಂದಾಗುತ್ತವೆ.

ಕಾರಿನ ಬಾಗಿಲಲ್ಲಿ ನೀವು ಕಾಣುವ ಕುಳಿಗಳು ಥಾಮ್ಸನ್ನನ ಮಾರ್ಗದ ಸಂತಾನ. ಕಾರ್ಖಾನೆಯವರು ಇದನ್ನು ಸ್ಪಾಟ್ ವೆಲ್ಡಿಂಗ್ ಎನ್ನುತ್ತಾರೆ. ಚುಕ್ಕಿ ಬೆಸುಗೆ ಎನ್ನೋಣ. ತಾಮ್ರದ ಎರಡು ಮೊನೆಗಳು ಇಕ್ಕಳದಂತೆ ತಗಡುಗಳನ್ನು ಎರಡೂ ಕಡೆಯಿಂದ ಕಚ್ಚಿ ಹಿಡಿಯುತ್ತವೆ. ಒಂದು ಸೆಕೆಂಡಿನ ಐದನೆಯ ಒಂದು ಭಾಗದಷ್ಟು ಕಾಲ ಹತ್ತು ಸಾವಿರ ಆಂಪಿಯರಿನ ಆಸುಪಾಸಿನ ವಿದ್ಯುತ್ ಹರಿಯುತ್ತದೆ. ನಮ್ಮ ಮನೆಯ ಸೀಲಿಂಗ್ ಫ್ಯಾನಿಗೆ ಅರ್ಧ ಆಂಪಿಯರ್ ಕೂಡ ಬೇಡವೆಂಬುದನ್ನು ನೆನೆದರೆ ಆ ರಭಸದ ಅಂದಾಜು ಸಿಕ್ಕೀತು. ಈ ಇಕ್ಕಳವನ್ನು, ಅಂದರೆ 'ಗನ್' ಅನ್ನು, ಮೇಲಿನ ಕಂಬಿಯಿಂದ ತೂಗುಹಾಕಿರುತ್ತಿದ್ದರು. ಅದರ ಭಾರವನ್ನು ಸರಪಳಿ ಹೊರುತ್ತಿತ್ತು, ನಿಜ. ಆದರೆ ತೋಳಿನಷ್ಟು ದಪ್ಪನೆಯ ಕೇಬಲ್ಲನ್ನೂ ನೀರಿನ ಕೊಳವೆಗಳನ್ನೂ ಎಳೆದುಕೊಂಡು, ಅದನ್ನು ಬಾಗಿಲಿಗೆ, ಕಂಬಕ್ಕೆ, ಚಾವಣಿಗೆ ತಿರುಗಿಸಿ ತಿರುಗಿಸಿ ಒತ್ತಬೇಕಾದವನು ಮನುಷ್ಯನೇ. ಒತ್ತಿದಾಗಲೆಲ್ಲ ಕಿಡಿ ಹಾರುತ್ತಿತ್ತು. ಕುತ್ತಿಗೆ, ಮಣಿಕಟ್ಟು, ಅಂಗಿಯ ತೋಳು, ಎಲ್ಲಿ ಸಂದು ಸಿಕ್ಕಿದರೆ ಅಲ್ಲಿ. ದಿನಕ್ಕೆ ಸಾವಿರಾರು ಬಾರಿ, ನಿಂತಲ್ಲೇ. ಈ ಕೆಲಸವನ್ನು ಮನುಷ್ಯನಿಂದ ತೆಗೆದುಕೊಂಡ ಯಂತ್ರವನ್ನು ದೂರುವ ಮೊದಲು ಇದನ್ನು ಕಣ್ಣ ಮುಂದೆ ತಂದುಕೊಳ್ಳುವುದು ನ್ಯಾಯ.

ಆ ಯಂತ್ರದ ಮೂಲಪುರುಷ ಅಮೆರಿಕದ ಜಾರ್ಜ್ ಡೆವೊಲ್. ಹೇಳಿಕೊಟ್ಟ ಚಲನೆಗಳನ್ನು ನೆನಪಿನಲ್ಲಿಟ್ಟುಕೊಂಡು ಪುನಃ ಪುನಃ ಮಾಡುವ ಕಬ್ಬಿಣದ ತೋಳೊಂದಕ್ಕೆ ಅವನು 1954ರಲ್ಲಿ ಹಕ್ಕುಪತ್ರ ಕೋರಿದ. ಅದು ದೊರೆತದ್ದು 1961ರಲ್ಲಿ. ನಡುವೆ 1956ರಲ್ಲಿ ಜೋಸೆಫ್ ಎಂಗಲ್‌ಬರ್ಗರ್ ಎಂಬ ತರುಣ ಇಂಜಿನಿಯರನ ಪರಿಚಯವಾಯಿತು. ಇಬ್ಬರೂ ಕೂಡಿ ರೂಪಿಸಿದ 'ಯೂನಿಮೇಟ್' 1961ರಲ್ಲಿ ನ್ಯೂಜೆರ್ಸಿಯ ಟ್ರೆಂಟನ್ ನಗರದ ಬಳಿಯಿದ್ದ ಜನರಲ್ ಮೋಟಾರ್ಸ್ ಕಾರ್ಖಾನೆಯಲ್ಲಿ ಕೆಲಸಕ್ಕೆ ನಿಂತಿತು. ಅಚ್ಚಿನಿಂದ ಹೊರಬರುವ ಬಿಸಿ ಬಿಸಿ ಲೋಹದ ತುಂಡುಗಳನ್ನು ಎತ್ತಿಡುವುದು ಅದರ ಮೊದಲ ಉದ್ಯೋಗ. ತೂಕ ಎರಡು ಟನ್ನಿನಷ್ಟು. 1966ರಲ್ಲಿ ಅದೇ ಜಾತಿಯ ಯಂತ್ರವೊಂದು ಅಮೆರಿಕದ ಜನಪ್ರಿಯ ಟಿವಿ ಕಾರ್ಯಕ್ರಮದಲ್ಲಿ ಗಾಲ್ಫ್ ಚೆಂಡನ್ನು ಗುಳಿಗೆ ತಳ್ಳಿ, ಬಿಯರ್ ಸುರಿದು, ವಾದ್ಯವೃಂದವನ್ನೂ ನಡೆಸಿ ಜನರನ್ನು ರಂಜಿಸಿತು. ಆ ರಾತ್ರಿ ನಕ್ಕವರಲ್ಲಿ ಎಷ್ಟು ಮಂದಿ ಬೆಸುಗೆಗಾರರಿದ್ದರೋ!

'ರೋಬಾಟ್' ಎಂಬ ಪದದ ಬಗೆಗೆ ಇಲ್ಲೊಂದು ಮಾತು. ಚೆಕ್ ಲೇಖಕ ಕಾರೆಲ್ ಚಾಪೆಕ್ 1920ರಲ್ಲಿ ಪ್ರಕಟಿಸಿದ ನಾಟಕದಿಂದ ಅದು ಲೋಕಕ್ಕೆ ಹಬ್ಬಿತು. ಅದರ ಮೂಲದಲ್ಲಿರುವ ಚೆಕ್ ಪದಕ್ಕೆ ಒಡೆಯನಿಗಾಗಿ ಬಲವಂತದಿಂದ ಮಾಡುವ ಚಾಕರಿ ಎಂದರ್ಥ. ನಮ್ಮ ಹಳ್ಳಿಗಳ ಹಿರಿಯರು ಬಲ್ಲ 'ಬಿಟ್ಟಿ' ಎಂಬ ಮಾತಿಗೆ ಅದು ತೀರ ಹತ್ತಿರ. ಯಂತ್ರಮಾನವ ಎಂಬ ನಮ್ಮ ಪದಕ್ಕೆ ಈ ಕಹಿ ಇಲ್ಲ.

ಯೂನಿಮೇಟ್ ಬೆಸುಗೆಯ ಗನ್ ಹಿಡಿದು ದೊಡ್ಡ ಪ್ರಮಾಣದಲ್ಲಿ ಕಾಣಿಸಿಕೊಂಡದ್ದು ಒಹಾಯೊ ರಾಜ್ಯದ ಲಾರ್ಡ್ಸ್‌ಟೌನ್ ಎಂಬ ಊರಿನಲ್ಲಿ. ಹೊಲಗಳ ನಡುವೆ 1966ರಲ್ಲಿ ತೆರೆದ ಜನರಲ್ ಮೋಟಾರ್ಸ್ ಕಾರ್ಖಾನೆ ಅದು. ಜರ್ಮನಿ ಮತ್ತು ಜಪಾನುಗಳಿಂದ ಬರುತ್ತಿದ್ದ ಚಿಕ್ಕ ಕಾರುಗಳಿಗೆ ಎದುರಾಗಿ 'ವೇಗಾ' ಎಂಬ ಅಗ್ಗದ ಕಾರನ್ನು ಮಾಡಲು ಕಂಪನಿ ಅಲ್ಲಿ 1969ರಲ್ಲಿ ಬೆಸುಗೆಯ ಯಂತ್ರಮಾನವರನ್ನು ಸಾಲಾಗಿ ನಿಲ್ಲಿಸಿತು. ಆ ತನಕ ಅಮೆರಿಕದ ಕಾರ್ಖಾನೆಗಳಲ್ಲಿ ಕಾರಿನ ಮೈಯ ಬೆಸುಗೆಯಲ್ಲಿ ಶೇಕಡಾ 20ರಿಂದ 40ರಷ್ಟನ್ನು ಮಾತ್ರ ಸ್ವಯಂಚಾಲಿತ ಯಂತ್ರಗಳು ಮಾಡುತ್ತಿದ್ದವು. ಲಾರ್ಡ್ಸ್‌ಟೌನಿನಲ್ಲಿ ಅದು ಶೇಕಡಾ 90ನ್ನು ದಾಟಿತು. ಕಿಡಿಯ ಮುಂದೆ ನಿಲ್ಲುವ ಮನುಷ್ಯರ ಸಂಖ್ಯೆ ತಟ್ಟನೆ ಇಳಿಯಿತು. ಇಷ್ಟಕ್ಕೆ ಕಥೆ ಮುಗಿದಿದ್ದರೆ ಅದೊಂದು ಶುಭವಾರ್ತೆಯೇ ಆಗುತ್ತಿತ್ತು.

ಆದರೆ ಯಂತ್ರಮಾನವನು ದಣಿಯುವುದಿಲ್ಲ. ಇದನ್ನು ಕಂಡುಕೊಂಡ ಆಡಳಿತದವರು ಇಡೀ ಸಾಲಿನ ವೇಗವನ್ನು ಅವನಿಗೆ ತಕ್ಕಂತೆ ಯೋಚಿಸಿದರು. ಗಂಟೆಗೆ ಅರವತ್ತರ ಆಸುಪಾಸಿನಲ್ಲಿ ಕಾರುಗಳು ಹೊರಬರುತ್ತಿದ್ದ ಕಾಲದಲ್ಲಿ ಲಾರ್ಡ್ಸ್‌ಟೌನ್ ನೂರನ್ನು ಗುರಿಯಾಗಿ ಇಟ್ಟುಕೊಂಡಿತು. ನೂರು ಎಂದರೆ ಪ್ರತಿ ಕಾರಿಗೆ 36 ಸೆಕೆಂಡು. ಬೆಸುಗೆಯ ವಿಭಾಗವನ್ನು ದಾಟಿ ಮುಂದಕ್ಕೆ ಬಂದ ಕಾರಿಗೆ ಆಸನ ಕೂರಿಸಲು, ದೀಪ ಹೂಡಲು, ತಿರುಪು ಬಿಗಿಯಲು ನಿಂತಿದ್ದವರು ಮಾಂಸ ಮೂಳೆಗಳ ಮನುಷ್ಯರು. ಅವರಿಗೂ ಅದೇ 36 ಸೆಕೆಂಡು. ಹಿಂದೆ ಸುಮಾರು ಒಂದು ನಿಮಿಷ ಸಿಗುತ್ತಿತ್ತು. ಕೈಯಿಂದ ಜಾರಿದ ತಿರುಪನ್ನು ಎತ್ತಿಕೊಳ್ಳುವುದರೊಳಗೆ ಕಾರು ಮುಂದಿನವನ ಬಳಿ ಇರುತ್ತಿತ್ತು. ಎಂದರೆ, ಬೆಂಕಿಯಿಂದ ಬಿಡಿಸಿದ ಯಂತ್ರವೇ ತಾಳ ಹಾಕಿತು. ಮನುಷ್ಯರು ಆ ತಾಳಕ್ಕೆ ಹೆಜ್ಜೆ ಹಾಕಬೇಕಾಯಿತು. ತಾಳವನ್ನು ಯಂತ್ರ ತಾನಾಗಿ ಹಾಕಲಿಲ್ಲ, ಯಾರೋ ಅದಕ್ಕೆ ಹೇಳಿಕೊಟ್ಟರು ಎಂಬುದನ್ನು ಮರೆಯಬಾರದು.

1971ರ ಅಕ್ಟೋಬರಿನಲ್ಲಿ ಕಾರ್ಖಾನೆಯ ಆಡಳಿತ ಕಂಪನಿಯ ಬೇರೊಂದು ವಿಭಾಗದ ಕೈಗೆ ಹೋಯಿತು. ಹೊಸಬರು ನೂರಾರು ಕೆಲಸಗಾರರನ್ನು ಕಡಿತಗೊಳಿಸಿ, ಅವರ ಪಾಲಿನ ಕೆಲಸವನ್ನು ಉಳಿದವರಿಗೆ ಹಂಚಿದರು. ದೂರುಗಳು ಸಾವಿರಗಟ್ಟಲೆ ಬಂದವು. ಅರೆಬರೆಯಾಗಿ ಜೋಡಿಸಿದ ಕಾರುಗಳಿಂದ ದುರಸ್ತಿಯ ಅಂಗಳ ತುಂಬಿತು. ಕೆಲಸಗಾರರು ಬೇಕೆಂದೇ ಕೆಡಿಸುತ್ತಿದ್ದಾರೆ ಎಂದು ಆಡಳಿತ ಹೇಳಿತು. ಮಾಡಲು ಸಮಯವೇ ಇಲ್ಲದ್ದು ಹೇಗೆ ಪೂರ್ಣವಾದೀತು ಎಂದು ಕೆಲಸಗಾರರು ಕೇಳಿದರು. 1972ರ ಮಾರ್ಚ್ ತಿಂಗಳಲ್ಲಿ ಮುಷ್ಕರ ನಡೆಯಿತು, ಇಪ್ಪತ್ತೆರಡು ದಿನ. ಹೂಡಿದವರ ಸರಾಸರಿ ವಯಸ್ಸು ಇಪ್ಪತ್ತೈದರ ಆಸುಪಾಸು. ಸಂಘದ ಅಧ್ಯಕ್ಷ ಗ್ಯಾರಿ ಬ್ರೈನರ್ ಇನ್ನೂ ಮೂವತ್ತು ದಾಟಿರಲಿಲ್ಲ.

ಈ ಮುಷ್ಕರ ಅಮೆರಿಕದ ಪತ್ರಿಕೆಗಳನ್ನೂ ಪಂಡಿತರನ್ನೂ ಕಂಗೆಡಿಸಿತು. ಏಕೆಂದರೆ ಅದು ಸಂಬಳದ ಜಗಳವಾಗಿರಲಿಲ್ಲ. ಸಂಬಳ ಚೆನ್ನಾಗಿಯೇ ಇತ್ತು. ತಂದೆಯ ಕಾಲದ ಕೆಲಸಗಾರ ಅಷ್ಟು ಸಂಬಳಕ್ಕೆ ಬಾಯಿ ಮುಚ್ಚಿಕೊಂಡು ದುಡಿಯುತ್ತಿದ್ದ, ಈ ಹುಡುಗರಿಗೇನಾಗಿದೆ ಎಂಬ ಮಾತು ಎಲ್ಲೆಲ್ಲೂ ಕೇಳಿಬಂತು. ಉದ್ದ ಕೂದಲನ್ನು ದೂರಿದವರೂ ಉಂಟು. ಬ್ರೈನರ್ ಅದೇ ವರ್ಷ ಸೆನೆಟ್ಟಿನ ವಿಚಾರಣೆಯಲ್ಲಿ ಹೇಳಿಕೆ ಕೊಟ್ಟ. ಮುಂದೆ ಲೇಖಕ ಸ್ಟಡ್ಸ್ ಟರ್ಕೆಲ್, ದುಡಿಯುವ ಜನರ ಮಾತುಗಳನ್ನು ಸಂಗ್ರಹಿಸಿ 1974ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿಯೂ ಅವನು ಮಾತನಾಡಿದ್ದಾನೆ. ಬೆಸುಗೆಯ ಯಂತ್ರಮಾನವನನ್ನು ಅವನು ಒಂದು ಕೀಟಕ್ಕೆ ಹೋಲಿಸುತ್ತಾನೆ: ಮುಂಗಾಲುಗಳನ್ನು ಜೋಡಿಸಿ ಪ್ರಾರ್ಥಿಸುವಂತೆ ತೋರುವ ಮಿಡತೆಯಂಥ ಹುಳಕ್ಕೆ. ಪಾಶ್ಚಾತ್ಯರು ಆ ಹುಳಕ್ಕೆ ಇಟ್ಟ ಹೆಸರಿನಲ್ಲೇ ಪ್ರಾರ್ಥನೆ ಎಂಬ ಮಾತಿದೆ. ಹಾಗೆ ಪ್ರಾರ್ಥಿಸುವಂತೆ ತೋರುತ್ತಲೇ ಅದು ಬೇಟೆಯಾಡುತ್ತದೆ ಎಂಬುದು ನನ್ನ ಸೇರಿಕೆ.

ಮುಷ್ಕರ ಮುಗಿದಾಗ ಕೆಲಸ ಕಳೆದುಕೊಂಡಿದ್ದ ಬಹಳ ಮಂದಿ ಮರಳಿ ಬಂದರು. ಸಾಲಿನ ವೇಗ ಮಾತ್ರ ಹಾಗೆಯೇ ಉಳಿಯಿತು. ಅಂದರೆ ಎಷ್ಟು ಮಂದಿ ದುಡಿಯಬೇಕು ಎಂಬ ವಿಷಯದಲ್ಲಿ ಅವರ ಮಾತು ಒಂದಿಷ್ಟು ನಡೆಯಿತು, ಎಷ್ಟು ವೇಗದಲ್ಲಿ ಎಂಬ ವಿಷಯದಲ್ಲಿ ನಡೆಯಲಿಲ್ಲ. ಸಿರಾಖನ ಕಮ್ಮಾರ ಕುಲುಮೆಯಿಂದ ಎದ್ದು ಬಂದಿದ್ದ, ಆದರೆ ಸಭೆಯ ಬಾಗಿಲಲ್ಲೇ ನಿಂತಿದ್ದ.

ಇನ್ನು ಬೇಲಿಯ ವಿಷಯ. ಅದು ಸುಮ್ಮನೆ ಬಂದುದಲ್ಲ. 1979ರ ಜನವರಿ 25ರಂದು ಮಿಷಿಗನ್ ರಾಜ್ಯದ ಫ್ಲ್ಯಾಟ್ ರಾಕ್ ಎಂಬಲ್ಲಿನ ಫೋರ್ಡ್ ಕಂಪನಿಯ ಎರಕದ ಕಾರ್ಖಾನೆಯಲ್ಲಿ ಇಪ್ಪತ್ತೈದು ವರ್ಷದ ಕೆಲಸಗಾರನೊಬ್ಬ ಬಿಡಿಭಾಗಗಳನ್ನು ತರಲು ಉಗ್ರಾಣದ ಅಟ್ಟಣೆಗೆ ಹತ್ತಿದ. ಆ ಕೆಲಸ ಯಂತ್ರದ್ದೇ. ಅದು ಸರಿಯಾಗಿ ಮಾಡುತ್ತಿಲ್ಲವೆಂದು ಇವನು ಹೋಗಬೇಕಾಯಿತು. ಯಂತ್ರದ ತೋಳು ಹಿಂದಿನಿಂದ ಬಂದು ಬಡಿಯಿತು. ಯಂತ್ರಮಾನವನಿಂದ ಸತ್ತ ಮೊದಲ ಮನುಷ್ಯ ಎಂದು ಇತಿಹಾಸ ಅವನನ್ನು ದಾಖಲಿಸಿದೆ. ಅದು ಬೆಸುಗೆಯ ಯಂತ್ರವಲ್ಲ, ಸಾಮಾನು ಸಾಗಿಸುವ ಯಂತ್ರ. 1983ರಲ್ಲಿ ನ್ಯಾಯಮಂಡಲಿ ಅವನ ಕುಟುಂಬಕ್ಕೆ ಒಂದು ಕೋಟಿ ಡಾಲರ್ ಪರಿಹಾರ ವಿಧಿಸಿತು. 1986ರಲ್ಲಿ ಅಮೆರಿಕದಲ್ಲಿ ಕೈಗಾರಿಕಾ ಯಂತ್ರಮಾನವರಿಗೆಂದೇ ಸುರಕ್ಷತೆಯ ಮಾನದಂಡ ಪ್ರಕಟವಾಯಿತು. ಬೇಲಿ, ಬಾಗಿಲು ತೆರೆದೊಡನೆ ಯಂತ್ರ ನಿಲ್ಲಿಸುವ ಕೊಂಡಿ, ಕೈ ಅಡ್ಡ ಬಂದರೆ ಅರಿಯುವ ಬೆಳಕಿನ ಪರದೆ ಇವೆಲ್ಲ ಕ್ರಮೇಣ ಕಾರ್ಖಾನೆಗಳ ವಾಡಿಕೆಯಾದವು. ಆದರೂ 2015ರ ಆಗಸ್ಟಿನಲ್ಲಿ ನಮ್ಮ ದೇಶದಲ್ಲೇ, ಹರಿಯಾಣದ ಮಾನೇಸರದ ಬಿಡಿಭಾಗಗಳ ಕಾರ್ಖಾನೆಯೊಂದರಲ್ಲಿ, ಸರಿದುಹೋಗಿದ್ದ ತಗಡೊಂದನ್ನು ನೇರ ಮಾಡಲು ಹೋದ ಇಪ್ಪತ್ತರ ಹರೆಯದ ತರುಣ ಬೆಸುಗೆಯ ಯಂತ್ರಮಾನವನಿಗೆ ಸಿಕ್ಕಿ ಮಡಿದನೆಂದು ವರದಿಯಾಯಿತು. ಇಬ್ಬರೂ ಯಂತ್ರದ ತಪ್ಪನ್ನು ತಿದ್ದಲು ಹೋದವರು. ಯಂತ್ರ ಕೆಲಸ ಮಾಡುವಾಗ ಬೇಲಿ ಸಾಕು. ಕೆಲಸ ಕೆಟ್ಟಾಗ ಅವಸರಪಡಿಸುವವರು ಇಲ್ಲದಿರಬೇಕು.

ಇಟಲಿಯ ತೂರಿನ್ ನಗರದತ್ತ ಈಗ ತಿರುಗೋಣ. ಡಾನ್ ಬೋಸ್ಕೊ ಸಭೆಯ ಶಾಲೆಗಳಲ್ಲೋ ತಾಂತ್ರಿಕ ಕೇಂದ್ರಗಳಲ್ಲೋ ಮಕ್ಕಳನ್ನು ಓದಿಸಿರುವ ನಿಮಗೆ ಅದು ಅಪರಿಚಿತವಲ್ಲ. ಸಂತ ಜಾನ್ ಬೋಸ್ಕೊ ಅಲ್ಲಿ 1852ರಲ್ಲಿ ಬಡಗಿ ಕೆಲಸ ಕಲಿಯುವ ಹುಡುಗನೊಬ್ಬನ ಪರವಾಗಿ ಮಾಲೀಕನೊಡನೆ ಮಾಡಿಕೊಂಡ ಕರಾರುಪತ್ರ ಇಂದಿಗೂ ಉಳಿದಿದೆ. ಹುಡುಗನನ್ನು ಮಾತಿನಿಂದ ತಿದ್ದಬೇಕೇ ಹೊರತು ಕೈಮಾಡಬಾರದು, ಕಸುಬಿಗೆ ಸಂಬಂಧಿಸದ ಚಾಕರಿ ಮಾಡಿಸಬಾರದು, ಭಾನುವಾರ ಬಿಡುವು ಕೊಡಬೇಕು ಎಂದು ಅದರಲ್ಲಿ ಮಾಲೀಕನನ್ನು ಕಟ್ಟಿಹಾಕಲಾಗಿದೆ. ಸಂತರ ಪವಾಡಗಳ ಬಗೆಗೆ ನಾವು ಬಹಳ ಮಾತನಾಡುತ್ತೇವೆ. ಮುದ್ರೆ ಒತ್ತಿದ ಕಾಗದದ ಮೇಲೆ ಸಹಿ ಹಾಕಿಸಿಕೊಂಡ ಈ ಜಾಣತನವನ್ನು ಅಷ್ಟಾಗಿ ಹೇಳುವುದಿಲ್ಲ.

ಅದೇ ತೂರಿನ್ನಿನ ಫಿಯಟ್ ಕಂಪನಿ 1978ರಲ್ಲಿ ನಗರದ ಪಕ್ಕದ ರಿವಾಲ್ಟಾ ಹಾಗೂ ದಕ್ಷಿಣದ ಕಸ್ಸೀನೊ ಕಾರ್ಖಾನೆಗಳಲ್ಲಿ 'ರೋಬೋಗೇಟ್' ಎಂಬ ವ್ಯವಸ್ಥೆಯನ್ನು ತಂದಿತು. ಚಾಲಕರಿಲ್ಲದ ಗಾಡಿಗಳು ಕಾರಿನ ಮೈಯನ್ನು ಹೊತ್ತು ಒಂದು ಯಂತ್ರಮಾನವನ ಗುಂಪಿನಿಂದ ಇನ್ನೊಂದಕ್ಕೆ ಒಯ್ಯುತ್ತಿದ್ದವು. ಆ ಕಾರನ್ನು ಇಂಗ್ಲೆಂಡಿನಲ್ಲಿ ಮಾರುವಾಗ, ಇದು ಯಂತ್ರಮಾನವರು ಕೈಯಾರೆ ಮಾಡಿದ ಕಾರು ಎಂದೇ ಜಾಹೀರಾತು ಕೊಟ್ಟರು. ಹಿನ್ನೆಲೆಯಲ್ಲಿ ರೊಸ್ಸೀನಿಯ ಸಂಗೀತ, ತೆರೆಯ ಮೇಲೆ ಕಿಡಿ ಹಾರಿಸುವ ಕಬ್ಬಿಣದ ತೋಳುಗಳು. ಎರಡು ವರ್ಷ ಕಳೆದು 1980ರ ಶರತ್ಕಾಲದಲ್ಲಿ ಅದೇ ಫಿಯಟ್ ಸುಮಾರು ಹದಿನಾಲ್ಕು ಸಾವಿರ ಮಂದಿಯನ್ನು ವಜಾ ಮಾಡುವುದಾಗಿ ಸಾರಿತು. ಮೂವತ್ತೈದು ದಿನಗಳ ಹೋರಾಟದ ಬಳಿಕ ಇಪ್ಪತ್ತು ಸಾವಿರಕ್ಕೂ ಹೆಚ್ಚು ಮಂದಿ ಕೆಲಸದಿಂದ ದೂರವಿರಿಸಲ್ಪಟ್ಟು ಸರಕಾರದ ನೆರವಿನ ಮೇಲೆ ಬದುಕಬೇಕಾಯಿತು. ಇದೆಲ್ಲ ಯಂತ್ರಮಾನವನಿಂದಲೇ ಆಯಿತೆನ್ನುವುದು ಸರಿಯಲ್ಲ. ಮಾರುಕಟ್ಟೆ ಕುಸಿದಿತ್ತು, ಎಣ್ಣೆಯ ಬೆಲೆ ಏರಿತ್ತು. ಆದರೆ ಮನೆಗೆ ಮರಳಿದವನ ಹೆಂಡತಿ ಮಕ್ಕಳಿಗೆ ಈ ವ್ಯತ್ಯಾಸದಿಂದ ಆಗುವ ಸಮಾಧಾನವೇನು?

ಆ ವರ್ಷದ ಏಪ್ರಿಲ್ 13ರಂದು ಜಗದ್ಗುರು ಎರಡನೇ ಜಾನ್ ಪಾಲರು ತೂರಿನ್ನಿಗೆ ಭೇಟಿ ಕೊಟ್ಟಿದ್ದರು. ಕೈಗಾರಿಕೆಯ ದುಡಿಮೆಯನ್ನು ಅವರು ಪುಸ್ತಕಗಳಿಂದ ಕಲಿತವರಲ್ಲ. ನಾಜಿಗಳ ವಶದಲ್ಲಿದ್ದ ಪೋಲೆಂಡಿನಲ್ಲಿ 1940ರಿಂದ 1944ರವರೆಗೆ, ಮೊದಲು ಕ್ರಾಕೋವ್ ಬಳಿಯ ಕಲ್ಲುಗಣಿಯಲ್ಲಿ, ಆಮೇಲೆ ಸೋಲ್ವೆ ರಾಸಾಯನಿಕ ಕಾರ್ಖಾನೆಯಲ್ಲಿ ಕೂಲಿಯಾಗಿ ದುಡಿದಿದ್ದರು. ಜಗದ್ಗುರು ಹದಿಮೂರನೇ ಲಿಯೋರವರು 1891ರ ಮೇ 15ರಂದು ಹೊರಡಿಸಿದ 'ರೇರುಮ್ ನೊವಾರುಮ್' ವಿಶ್ವಪತ್ರಕ್ಕೆ ತೊಂಬತ್ತು ವರ್ಷ ತುಂಬುವಂದು ದುಡಿಮೆಯ ಕುರಿತು ತಮ್ಮದೊಂದು ವಿಶ್ವಪತ್ರವನ್ನು ಪ್ರಕಟಿಸಲು ಅವರು ಸಿದ್ಧರಾಗಿದ್ದರು. ಅದಕ್ಕೆ ಎರಡು ದಿನ ಮೊದಲು, 1981ರ ಮೇ 13ರಂದು, ಸಂತ ಪೇತ್ರರ ಚೌಕದಲ್ಲಿ ಗುಂಡೇಟು ತಗುಲಿತು. ಆಸ್ಪತ್ರೆಯಿಂದ ಬಂದ ಮೇಲೆ ಕಡೆಯ ಬಾರಿ ತಿದ್ದಿ ನೋಡಿ, ಸೆಪ್ಟೆಂಬರ್ 14ರಂದು 'ಲಬೋರೆಮ್ ಎಕ್ಸೆರ್ಸೆನ್ಸ್' ಎಂಬ ಆ ಪತ್ರಕ್ಕೆ ಸಹಿ ಹಾಕಿದರು.

ಅದರ ಐದನೆಯ ಪರಿಚ್ಛೇದ ನಮ್ಮ ವಿಷಯಕ್ಕೆ ನೇರವಾಗಿ ಸಂಬಂಧಿಸಿದ್ದು. ತಂತ್ರಜ್ಞಾನವು ಮನುಷ್ಯನ ಸಂಗಾತಿ, ಅವನ ಶ್ರಮವನ್ನು ಹಗುರಗೊಳಿಸುವಂಥದು ಎಂದು ಜಗದ್ಗುರುಗಳು ಮೊದಲು ಒಪ್ಪುತ್ತಾರೆ. ಅದೇ ತಂತ್ರಜ್ಞಾನ ಕೆಲವು ಸಂದರ್ಭಗಳಲ್ಲಿ ಬಹುಮಟ್ಟಿಗೆ ಶತ್ರುವೂ ಆದೀತು ಎಂದು ಮುಂದುವರಿದು ಆ ಸಂದರ್ಭಗಳನ್ನು ಹೇಳುತ್ತಾರೆ: ಕೆಲಸದಿಂದ ದೊರೆಯುವ ತೃಪ್ತಿಯನ್ನೂ ಹೊಣೆಗಾರಿಕೆಯನ್ನೂ ಅದು ಕಿತ್ತುಕೊಂಡಾಗ, ಅನೇಕರ ಉದ್ಯೋಗವನ್ನು ಕಳೆದಾಗ, ಯಂತ್ರವನ್ನು ಮೇಲಿಟ್ಟು ಮನುಷ್ಯನನ್ನು ಅದರ ದಾಸನನ್ನಾಗಿಸಿದಾಗ. ಲಾರ್ಡ್ಸ್‌ಟೌನಿನ ಹುಡುಗರು ಮೊದಲನೆಯದನ್ನೂ ಕೊನೆಯದನ್ನೂ ಅನುಭವಿಸಿದರು, ತೂರಿನ್ನಿನವರು ನಡುವಿನದನ್ನು. 2025ರ ಮೇ ತಿಂಗಳಲ್ಲಿ ಆಯ್ಕೆಯಾದ ಜಗದ್ಗುರುಗಳು ಲಿಯೋ ಎಂಬ ಹೆಸರನ್ನು ತಳೆದುದಕ್ಕೆ ಕಾರಣ ಹೇಳುವಾಗ, ಹದಿಮೂರನೇ ಲಿಯೋರವರನ್ನೂ ಕೃತಕ ಬುದ್ಧಿಮತ್ತೆಯ ಈ ಕಾಲವನ್ನೂ ಒಟ್ಟಿಗೆ ನೆನೆದದ್ದು ನಿಮಗೆ ಗೊತ್ತಿದೆ. ಪ್ರಶ್ನೆ ಹಳೆಯದಾಗಿಲ್ಲ.

ಹಾಗಾದರೆ ಇಂದು ಆ ಹುಡುಗ ಬೇಲಿಯ ಈಚೆ ನಿಂತು ಮಾಡುವುದಾದರೂ ಏನು? ಚಾಪದ ಬೆಸುಗೆ ಮಾಡುವ ಯಂತ್ರಮಾನವನನ್ನು ಉದಾಹರಣೆಗೆ ತೆಗೆದುಕೊಳ್ಳಿ. ಬಿಡಿಭಾಗಗಳನ್ನು ಅವುಗಳ ಚೌಕಟ್ಟಿನಲ್ಲಿ ಸರಿಯಾಗಿ ಕೂರಿಸಿ ಬಿಗಿಯುತ್ತಾನೆ. ಹಿಂದೆ ಸರಿದು ಗುಂಡಿ ಒತ್ತುತ್ತಾನೆ. ತೋಳು ಬಾಗಿ, ಸೂಜಿಯಷ್ಟು ಸಪೂರದ ತಂತಿಯನ್ನು ಉಣಿಸುತ್ತ ಸಂದಿನುದ್ದಕ್ಕೂ ಸಾಗುತ್ತದೆ. ಹೊರಬಂದ ಬೆಸುಗೆಯ ಗೆರೆಯನ್ನು ಅವನು ನೋಡುತ್ತಾನೆ. ಗುಳ್ಳೆಯ ತೂತಿದೆಯೇ, ಅಂಚು ಕೊರೆದಿದೆಯೇ, ಗೆರೆ ಸಂದಿನಿಂದ ಒಂದು ಮಿಲಿಮೀಟರ್ ಆಚೆ ಸರಿದಿದೆಯೇ? ಸರಿದಿದ್ದರೆ ತಪ್ಪು ಎಲ್ಲಿಯದು, ತಗಡಿನದೋ, ಚೌಕಟ್ಟಿನದೋ, ಸವೆದ ತಾಮ್ರದ ತುದಿಯದೋ, ಅನಿಲದ ಹರಿವಿನದೋ? ಯಂತ್ರ ಇದನ್ನು ತಾನಾಗಿ ಬಲ್ಲದೆಂದು ಭಾವಿಸಬೇಡಿ. ಕಲಿಸಿದ ದಾರಿಯಲ್ಲಿ ಅದು ಸಾಗುತ್ತದೆ, ಅಷ್ಟೆ. ಕೈಯಲ್ಲಿ ಹಿಡಿಯುವ ಒಂದು ಫಲಕದ ಗುಂಡಿಗಳನ್ನು ಒತ್ತಿ, ತೋಳನ್ನು ಬಿಂದುವಿನಿಂದ ಬಿಂದುವಿಗೆ ನಡೆಸಿ, ಆ ದಾರಿಯನ್ನು ಅದಕ್ಕೆ ಕಲಿಸುವವನು ಮನುಷ್ಯ. ಕೈಯಿಂದ ಬೆಸುಗೆ ಹಾಕಿ ಪಳಗಿದವನು ಕಲಿಸಿದ ದಾರಿಗೂ ಬರೀ ಗುಂಡಿ ಒತ್ತಲು ಬಲ್ಲವನು ಕಲಿಸಿದ ದಾರಿಗೂ ಅ೦ತರ ಎದ್ದು ಕಾಣುತ್ತದೆ. ಮಾದರಿಯ ಮೇಲೆ ಕಣ್ಣು ನೆಟ್ಟ ಸಿರಾಖನ ಕಮ್ಮಾರ ಇಲ್ಲಿ ಇನ್ನೂ ಬದುಕಿದ್ದಾನೆ.

ಹೊಗೆಯಿಂದ ದೂರವಾದದ್ದು ಸಣ್ಣ ವಿಷಯವಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಬೆಸುಗೆಯ ಹೊಗೆ ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುತ್ತದೆಂದು 2017ರಲ್ಲಿ ನಿರ್ಣಯಿಸಿತು. ನಮ್ಮ ಪೇಟೆಗಳ ಗೇಟು ಕಿಟಕಿ ಮಾಡುವ ಅಂಗಡಿಗಳಲ್ಲಿ, ಬರಿಯ ಕಪ್ಪು ಕನ್ನಡಕ ಹಾಕಿ, ಬಾಯಿಗೆ ಕರವಸ್ತ್ರ ಕಟ್ಟಿ ದಿನವಿಡೀ ಕೂರುವವರಿಗೆ ಯಾವ ಬೇಲಿಯೂ ಇಲ್ಲ.

ಕರ್ನಾಟಕದ ಮಾತಿಗೆ ಬಂದರೆ, ಬಿಡದಿಯ ಟೊಯೋಟಾ ಕಿರ್ಲೋಸ್ಕರ್ ಕಾರ್ಖಾನೆ 1999ರ ಕೊನೆಯಲ್ಲಿ ಉತ್ಪಾದನೆ ಆರಂಭಿಸಿತು. ಅಲ್ಲಿ 2007ರಲ್ಲಿ ತೆರೆದ ತರಬೇತಿ ಸಂಸ್ಥೆ ಹತ್ತನೆಯ ತರಗತಿ ಮುಗಿಸಿದ ಬಡ ಗ್ರಾಮೀಣ ಮಕ್ಕಳಿಗೆ ವಸತಿಯೊಡನೆ ಕಸುಬು ಕಲಿಸುತ್ತ ಬಂದಿದೆ, ಬೆಸುಗೆಯೂ ಅವುಗಳಲ್ಲೊಂದು. ಟೊಯೋಟಾ ಎಂಬ ಹೆಸರಿನ ಹಿಂದೆ ಒಬ್ಬ ಬಡಗಿಯ ಮಗನಿದ್ದಾನೆ. 1867ರಲ್ಲಿ ಹುಟ್ಟಿದ ಸಕಿಚಿ ಟೊಯೋಡ ಮಗ್ಗಗಳನ್ನು ಸುಧಾರಿಸಿದವನು. ನೂಲು ಹರಿದೊಡನೆ ತಾನಾಗಿ ನಿಲ್ಲುವ ಮಗ್ಗ ಅವನ ಕೀರ್ತಿಗೆ ಕಾರಣ. ಅದೇ ತತ್ವವನ್ನು ಕಾರಿನ ಕಾರ್ಖಾನೆಗೆ ತಂದಾಗ, ದೋಷ ಕಂಡ ಯಾವ ಕೆಲಸಗಾರನಾದರೂ ತಲೆಯ ಮೇಲಿನ ಹಗ್ಗವನ್ನೆಳೆದು ಮೇಲ್ವಿಚಾರಕನನ್ನು ಕರೆಯಬಹುದು, ಅಗತ್ಯವಿದ್ದರೆ ಇಡೀ ಸಾಲನ್ನು ನಿಲ್ಲಿಸಬಹುದು ಎಂಬ ಪದ್ಧತಿ ಬೆಳೆಯಿತು. ಲಾರ್ಡ್ಸ್‌ಟೌನಿನವನ ತಲೆಯ ಮೇಲೆ ಆ ಹಗ್ಗವಿರಲಿಲ್ಲ. ಆದರೆ ಹಗ್ಗವಿದ್ದ ಮಾತ್ರಕ್ಕೆ ಎಲ್ಲವೂ ಬಗೆಹರಿಯುತ್ತದೆಯೇ? ಇದೇ ಬಿಡದಿಯಲ್ಲಿ 2020ರ ನವೆಂಬರಿನಲ್ಲಿ ಕಾರ್ಮಿಕ ಮುಖಂಡನೊಬ್ಬನ ಅಮಾನತಿನಿಂದ ಆರಂಭವಾಗಿ, ಬೀಗಮುದ್ರೆಯವರೆಗೆ ಹೋಗಿ, ಮುಂದಿನ ವರ್ಷಕ್ಕೂ ಚಾಚಿದ ವಿವಾದದಲ್ಲಿ ಕೆಲಸದ ಹೊರೆ ಮತ್ತು ವೇಗ ಮಿತಿಮೀರಿದೆ ಎಂಬುದು ಕಾರ್ಮಿಕರ ಮುಖ್ಯ ದೂರುಗಳಲ್ಲೊಂದಾಗಿತ್ತು. ಆಡಳಿತ ಅದನ್ನು ಒಪ್ಪಲಿಲ್ಲ. ಯಾರ ಲೆಕ್ಕ ಸರಿಯೆಂದು ತೀರ್ಪು ಹೇಳುವುದು ಈ ಲೇಖನದ ಕೆಲಸವಲ್ಲ. ಒಹಾಯೊದ ಹೊಲಗಳ ನಡುವೆ 1972ರಲ್ಲಿ ಎದ್ದ ಮಾತು ರಾಮನಗರದ ದಾರಿಯಲ್ಲೂ ಎದ್ದಿತೆಂಬುದನ್ನು ಮಾತ್ರ ನೀವು ಗಮನಿಸಬೇಕು. ಲಾರ್ಡ್ಸ್‌ಟೌನಿನ ಕಾರ್ಖಾನೆಯಿಂದ ಜನರಲ್ ಮೋಟಾರ್ಸ್‌ನ ಕೊನೆಯ ಕಾರು 2019ರ ಮಾರ್ಚಿನಲ್ಲಿ ಹೊರಬಂತು. ವೇಗದಲ್ಲಿ ಹೆಸರುಮಾಡಿದ್ದ ಸಾಲು ಐವತ್ತಮೂರು ವರ್ಷಕ್ಕೆ ನಿಂತಿತು.

ಮಗನೋ ತಮ್ಮನೋ ರಜೆಗೆ ಮನೆಗೆ ಬಂದಾಗ ಸಂಬಳವೆಷ್ಟು, ಕಾಯಂ ಆಯಿತೇ ಎಂದು ನಾವು ಕೇಳಿಯೇ ಕೇಳುತ್ತೇವೆ. ಕೇಳಬೇಕಾದದ್ದೇ. ಅದರ ಜೊತೆಗೆ ಇನ್ನೊಂದನ್ನು ಕೇಳಿ ನೋಡಿ: ಬೆಸುಗೆ ತಪ್ಪಿದೆಯೆಂದು ನಿನಗೆ ಕಂಡರೆ ಸಾಲನ್ನು ನಿಲ್ಲಿಸಬಲ್ಲೆಯಾ, ನಿಲ್ಲಿಸಿದರೆ ನಿನಗೇನಾಗುತ್ತದೆ? ಅವನು ಬಹುಶಃ ಉಳಿ ಸುತ್ತಿಗೆಗಳ ವಿಷಯ ಹೇಳಿಯಾನು. ಚುಕ್ಕಿ ಬೆಸುಗೆಯ ಗಟ್ಟಿತನ ಹೊರಗಿನಿಂದ ಕಾಣುವುದಿಲ್ಲ. ಅದಕ್ಕಾಗಿ ಅನೇಕ ಕಾರ್ಖಾನೆಗಳಲ್ಲಿ ಆಗಾಗ ಒಂದು ತುಂಡನ್ನು ಸಾಲಿನಿಂದ ಹೊರತೆಗೆದು, ಎರಡು ತಗಡುಗಳ ನಡುವೆ ಉಳಿಯನ್ನಿಟ್ಟು ಸುತ್ತಿಗೆಯಿಂದ ಹೊಡೆಯುತ್ತಾರೆ. ಚುಕ್ಕಿಯೇ ಬಿಟ್ಟುಕೊಂಡರೆ ಬೆಸುಗೆ ಕೆಟ್ಟಿದೆ. ಚುಕ್ಕಿ ಹಿಡಿದುಕೊಂಡು, ಸುತ್ತಲಿನ ತಗಡೇ ಗುಂಡಗೆ ಹರಿದು ಬಂದರೆ ಬೆಸುಗೆ ಚೆನ್ನಾಗಿದೆ. ಕೋಟ್ಯಂತರ ರೂಪಾಯಿಯ ಯಂತ್ರಗಳ ಪಕ್ಕದಲ್ಲಿ ಒಬ್ಬ ಹುಡುಗ ಉಳಿ ಹಿಡಿದು ಬಗ್ಗಿ, ಆ ಗುಂಡನೆಯ ತುಣುಕನ್ನು ಬೆರಳಿನಿಂದ ಸವರಿ ನೋಡುತ್ತಾನೆ. ಆಮೇಲೆ ಸಾಲು ಮುಂದುವರಿಯಬಹುದು ಎಂದು ಕೈಯೆತ್ತುತ್ತಾನೆ, ಇಲ್ಲವೇ ಎತ್ತುವುದಿಲ್ಲ.